ಒಂಬತ್ತನೇ ಪುಟದ ಹೆಂಗಸು

ನಮಸ್ಕಾರ.

ನಿಮ್ಮ ‘ಮೂಳೆ’ ಕತೆಯನ್ನು ಮೂರು ಸಲ ಓದಿದೆ. ಈಗಿರುವ ಹಾಗೆ ಇದನ್ನು ನಾವು ಪ್ರಕಟಿಸುವುದಿಲ್ಲ. ಉತ್ತರ ಏನಿರಬಹುದೋ ಅಂತ ಕೊನೆಯವರೆಗೆ ಹುಡುಕುವ ಕಷ್ಟ ನಿಮಗೆ ಬೇಡವೆಂದು ಮೊದಲೇ ಹೇಳಿಬಿಟ್ಟಿದ್ದೇನೆ.

ಜೊತೆಗಿನ ಕಾಗದದಲ್ಲಿ, ಕ್ರೈಸ್ತರಿಗೆ ನೋವಾಗುತ್ತದೆ ಅನ್ನುವ ಕಾರಣಕ್ಕೆ ಇನ್ನಿಬ್ಬರು ಸಂಪಾದಕರು ಕತೆಯನ್ನು ವಾಪಸ್ ಕಳಿಸಿದರು ಎಂದು ಬರೆದಿದ್ದೀರಿ. ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಲಷ್ಕರ್ ಮೊಹಲ್ಲಾದ ಕ್ಯಾಥೊಲಿಕ್ ಮನೆಯಲ್ಲಿ. ಭಾನುವಾರದ ಪೂಜೆ ಇವತ್ತಿಗೂ ತಪ್ಪಿಸುವುದಿಲ್ಲ. ನಿಮ್ಮ ಕತೆಯಿಂದ ನನಗೆ ನೋವಾಗಲಿಲ್ಲ. ಇಂಥ ವಸ್ತು ಹಿಡಿದ ಕತೆ ಓದಿ ನನ್ನಂಥವಳಿಗೆ ಒಂದು ರಾತ್ರಿಯ ನಿದ್ದೆಯಾದರೂ ಕೆಡಬೇಕಿತ್ತು. ಕೆಡಲಿಲ್ಲ. ನನ್ನ ತಕರಾರು ಅದೇ.

ಕತೆ ನನಗೆ ಅರ್ಥವಾಗಿದ್ದು ಹೀಗೆ: ಜೆರುಸಲೇಮಿನ ಹತ್ತಿರ ಹಳೆಯ ಸಮಾಧಿಯೊಂದರಲ್ಲಿ ಮೂಳೆ ಸಿಗುತ್ತದೆ. ಡಿಎನ್‌ಎ ಪರೀಕ್ಷೆ ಮಾಡಿ ‘ಇದು ಯೇಸುವಿನ ದೇಹವೇ’ ಎಂದು ವಿಜ್ಞಾನಿಗಳು ಸಾರುತ್ತಾರೆ. ಯೇಸು ಸತ್ತ ಮೂರನೆಯ ದಿನ ದೇಹಸಮೇತ ಎದ್ದುಬಂದರು ಅನ್ನುವ ನಮ್ಮ ನಂಬಿಕೆ ಸುಳ್ಳಾಯಿತು ಅಂತ ಅರ್ಥ. ಶುಭ ಶುಕ್ರವಾರ ಬೆಳಿಗ್ಗೆ ಸುದ್ದಿ ಟಿವಿಗೆ ಬರುತ್ತದೆ. ಮೈಸೂರಿನ ಒಂದು ಚರ್ಚಿನಲ್ಲಿ ಪೂಜೆ ನಡೆಯುತ್ತಿರುವಾಗಲೇ ಜನ ಮೊಬೈಲು ನೋಡಿಕೊಂಡು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಖಾಲಿ ಬೆಂಚುಗಳ ಮುಂದೆ ಫಾದರ್ ಎರಡೂವರೆ ಪುಟ ಮಾತಾಡಿ, ಬಸ್ಸು ಹತ್ತಿ ಶ್ರೀರಂಗಪಟ್ಟಣದ ಸಂಗಮಕ್ಕೆ ಹೋಗಿ, ಕೊರಳಿನ ಶಿಲುಬೆಯನ್ನು ಕಾವೇರಿಗೆ ಎಸೆಯುತ್ತಾರೆ.

ಚಿಕ್ಕ ತಪ್ಪೊಂದನ್ನು ಮೊದಲು ಮುಗಿಸಿಬಿಡೋಣ. ಶುಭ ಶುಕ್ರವಾರ ಕ್ಯಾಥೊಲಿಕ್ ಚರ್ಚಿನಲ್ಲಿ ಬಲಿಪೂಜೆ ಇರುವುದಿಲ್ಲ. ಮಧ್ಯಾಹ್ನದ ಮೇಲೆ ಯೇಸುವಿನ ಪಾಡುಗಳ ವಾಚನ, ಶಿಲುಬೆಗೆ ನಮನ. ಕೊಡುವ ಪರಮಪ್ರಸಾದವೂ ಹಿಂದಿನ ದಿನದ ಪೂಜೆಯಲ್ಲಿ ತೆಗೆದಿಟ್ಟದ್ದು. ಪೀಠದ ಮೇಲೆ ಬಟ್ಟೆ ಹಾಸಿರುವುದಿಲ್ಲ, ಗಂಟೆ ಬಾರಿಸುವುದಿಲ್ಲ. ನೀವು ಗಂಟೆ ಬಾರಿಸಿದ್ದೀರಿ. ಒಂದು ಸಲ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಬನ್ನಿ, ಯಾರೂ ಬೇಡ ಅನ್ನುವುದಿಲ್ಲ.

ಇನ್ನು ಮೂಳೆಯ ವಿಷಯ. ಸಾಕ್ಷ್ಯವನ್ನು ನೀವು ತೀರಾ ಸುಲಭ ಮಾಡಿಕೊಂಡಿದ್ದೀರಿ. ಡಿಎನ್‌ಎಯನ್ನು ಯಾರದರ ಜೊತೆ ಹೋಲಿಸಿದರು? ಯೇಸುವಿನ ತಾಯಿಯದ್ದೋ ತಮ್ಮನದ್ದೋ ಮಾದರಿ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಇಂಥದ್ದೊಂದು ನಿಜವಾಗಿಯೂ ನಡೆದಿದೆ, ನೀವು ಅದನ್ನು ಓದಿದಂತಿಲ್ಲ. 1980ರಲ್ಲಿ ಜೆರುಸಲೇಮಿನ ಪೂರ್ವ ತಲ್ಪಿಯೋತ್‌ನಲ್ಲಿ ಮನೆ ಕಟ್ಟಲು ನೆಲ ಅಗೆಯುವಾಗ ಒಂದು ಸಮಾಧಿ ಸಿಕ್ಕಿತು. ಮೂಳೆ ತುಂಬಿಡುವ ಕಲ್ಲಿನ ಪೆಟ್ಟಿಗೆಗಳು ಹತ್ತು. ಒಂದರ ಮೇಲೆ ‘ಯೋಸೇಫನ ಮಗ ಯೇಸು’ ಎಂದು ಕೆತ್ತಿತ್ತು. 2007ರಲ್ಲಿ ಇದು ಆ ಯೇಸುವಿನ ಕುಟುಂಬದ್ದೇ ಎಂದು ಟಿವಿಯಲ್ಲಿ ದೊಡ್ಡದಾಗಿ ಹೇಳಿದರು. ಎರಡು ಪೆಟ್ಟಿಗೆಗಳಲ್ಲಿ ಉಳಿದಿದ್ದ ಚೂರುಗಳ ಪರೀಕ್ಷೆಯಿಂದ ತಿಳಿದದ್ದು ಒಂದೇ: ಆ ಇಬ್ಬರೂ ತಾಯಿಯ ಕಡೆಯಿಂದ ರಕ್ತಸಂಬಂಧಿಗಳಲ್ಲ. ಹೆಸರುಗಳೋ, ಆ ಕಾಲದ ಯೆಹೂದ್ಯರಲ್ಲಿ ನಮ್ಮ ಮಂಡ್ಯದ ಕಡೆ ಸಿದ್ದೇಗೌಡ, ಕೆಂಪಮ್ಮ ಇದ್ದ ಹಾಗೆ, ಬೀದಿಗೆ ನಾಲ್ಕು. ಪುರಾತತ್ವ ಪಂಡಿತರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಮೈಸೂರಿನ ಅಶೋಕ ರಸ್ತೆಯ ನಮ್ಮ ಚರ್ಚಿನಲ್ಲಿ ಒಂದು ಬೆಂಚೂ ಖಾಲಿಯಾಗಲಿಲ್ಲ.

ಸಾಕ್ಷ್ಯ ಬರುವುದೇ ಹಾಗೆ. ಅರ್ಧಂಬರ್ಧವಾಗಿ, ಜಗಳದ ಜೊತೆ, ಎರಡೂ ಕಡೆ ಎಳೆಯುವ ಹಾಗೆ. ಇಟಲಿಯ ತೂರಿನ್ ನಗರದಲ್ಲಿ ಯೇಸುವಿನ ಶವಕ್ಕೆ ಸುತ್ತಿದ್ದೆಂದು ಇಟ್ಟಿರುವ ಬಟ್ಟೆಯನ್ನು 1988ರಲ್ಲಿ ಮೂರು ಪ್ರಯೋಗಾಲಯಗಳು ಕಾರ್ಬನ್ ಪರೀಕ್ಷೆ ಮಾಡಿ 1260ರಿಂದ 1390ರ ನಡುವಿನದ್ದು ಎಂದವು. ಆಮೇಲೂ ಅದನ್ನು ಹೊರಗಿಟ್ಟಾಗಲೆಲ್ಲ ಜನ ಸಾಲು ನಿಂತರು.

ಇಷ್ಟು ದೂರ ಯಾಕೆ ಹೋದಿರಿ ಅನ್ನುವುದು ನನ್ನ ನಿಜವಾದ ಪ್ರಶ್ನೆ. ನೀವು ಮಂಡ್ಯದವರು, ಮೈಸೂರಿನಲ್ಲಿ ಓದಿದವರು. ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ ನೋಡದೆ ಈ ಊರಿನಲ್ಲಿ ಯಾರೂ ಓಡಾಡುವುದಿಲ್ಲ. ನೀವು ಬರೆಯಹೊರಟ ಸಂಗತಿ ಆ ಗೋಪುರಗಳ ಕೆಳಗೇ ನಡೆದುಹೋಗಿದೆ.

1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸಿಲ್ಲಾ ನೆಲಸಮಾಧಿಯಲ್ಲಿ ಒಬ್ಬ ಹುಡುಗಿಯ ಮೂಳೆ ಸಿಕ್ಕಿತು. ಹದಿಮೂರು ಹದಿನಾಲ್ಕರ ವಯಸ್ಸು. ಗೂಡನ್ನು ಮುಚ್ಚಿದ್ದ ಮೂರು ಹೆಂಚುಗಳ ಮೇಲೆ ‘ಲುಮೆನಾ’, ‘ಪಾಕ್ಸ್ ತೆ’, ‘ಕುಮ್ ಫಿ’ ಎಂದಿತ್ತು. ಮೊದಲ ಹೆಂಚನ್ನು ಕೊನೆಗಿಟ್ಟು ಓದಿದರೆ ‘ಪಾಕ್ಸ್ ತೆಕುಮ್ ಫಿಲುಮೆನಾ’, ಅಂದರೆ ‘ಫಿಲುಮೆನಾ, ನಿನಗೆ ಶಾಂತಿ’. ಹೆಂಚಿನ ಮೇಲೆ ಲಂಗರು, ಬಾಣ, ತಾಳೆಗರಿಯ ಚಿತ್ರಗಳಿದ್ದವು. ಆ ಚಿತ್ರಗಳಿಗೆ ಸರಿಹೊಂದುವಂಥ ಕತೆಯೂ ಆಮೇಲೆ ಹುಟ್ಟಿತು. ನೇಪಲ್ಸಿನ ಸನ್ಯಾಸಿನಿಯೊಬ್ಬರಿಗೆ ದರ್ಶನದಲ್ಲಿ ತಿಳಿಯಿತೆಂದು ಹೇಳುವ ಕತೆ: ಚಕ್ರವರ್ತಿ ಮದುವೆಯಾಗೆಂದ, ಹುಡುಗಿ ಒಲ್ಲೆನೆಂದಳು, ಕೊರಳಿಗೆ ಲಂಗರು ಕಟ್ಟಿ ನದಿಗೆ ತಳ್ಳಿಸಿದ, ಸಾಯಲಿಲ್ಲ, ಬಾಣ ಬಿಡಿಸಿದ, ಕೊನೆಗೆ ತಲೆ ಕಡಿಸಿದ. ಈ ಸಂತಳ ಅವಶೇಷ 1926ರಲ್ಲಿ ಮೈಸೂರಿಗೆ ಬಂತು. ತಂದವರು ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಈಗಿನ ಚರ್ಚಿಗೆ ಅಡಿಗಲ್ಲು ಹಾಕಿದರು.

ಅಷ್ಟರಲ್ಲಿ ರೋಮಿನ ಪುರಾತತ್ವ ಪಂಡಿತ ಮರುಕ್ಕಿಯವರು ಬೇರೆ ಮಾತು ಹೇಳಿಯಾಗಿತ್ತು. ಹೆಂಚುಗಳು ಹಳೆಯ ಸಮಾಧಿಯೊಂದರವು, ಇನ್ನಾರನ್ನೋ ಹೂಳುವಾಗ ಮತ್ತೆ ಬಳಸಿದ್ದಾರೆ, ಅದಕ್ಕೇ ಹಿಂದುಮುಂದಾಗಿವೆ ಎಂದು. ಹಾಗಾದರೆ ಹೆಸರು ಒಬ್ಬಳದು, ಮೂಳೆ ಇನ್ನೊಬ್ಬಳದು. 1961ರಲ್ಲಿ ರೋಮ್ ಆಕೆಯ ಹಬ್ಬವನ್ನು ಪಂಚಾಂಗದಿಂದ ತೆಗೆದುಹಾಕಿತು. ಆಕೆ ಇರಲೇ ಇಲ್ಲ ಎಂದೇನೂ ಹೇಳಲಿಲ್ಲ, ಹಬ್ಬ ತೆಗೆಯಿತು ಅಷ್ಟೆ. ಕ್ರೈಸ್ತ ವಿಶ್ವಾಸಕ್ಕೆ ವಿರುದ್ಧವಾದ ಸಾಕ್ಷ್ಯ ಇಲ್ಲಿ ಹೊರಗಿನ ವೈರಿಯಿಂದ ಬರಲಿಲ್ಲ, ಚರ್ಚಿನ ಅಧಿಕಾರವೇ ಒಪ್ಪಿಕೊಂಡು ಕಳಿಸಿತು.

ನಮ್ಮ ದೊಡ್ಡಮ್ಮನ ಹೆಸರು ಫಿಲೋಮಿನಾ. ವಾರಕ್ಕೊಮ್ಮೆ ಪೀಠದ ಕೆಳಗಿನ ನೆಲಮಾಳಿಗೆಗೆ ಇಳಿದು, ಮಲಗಿರುವ ಸಂತಳ ಮೂರ್ತಿಯ ಮುಂದೆ ಮೇಣದಬತ್ತಿ ಹಚ್ಚಿ ಬರುತ್ತಿದ್ದರು. ಹಬ್ಬ ತೆಗೆದಿದ್ದಾರೆ ಅಂತ ಯಾರೋ ಬಂದು ಹೇಳಿದಾಗ ಅವರು ಅಂದದ್ದು ನಮ್ಮ ಮನೆಯಲ್ಲಿ ಈಗಲೂ ಮಾತಿಗೆ ಬರುತ್ತದೆ: “ಹಬ್ಬ ತೆಗುದ್ರೆ ಆ ಮಗು ಎಲ್ ಹೋಗ್ತದೆ? ಒಂದ್ನೇ ಬುಟ್ಬುಟ್ ಬರಾದಾ?” ಮುಂದಿನ ವಾರವೂ ಬತ್ತಿ ಹಚ್ಚಿದರು. ಸಾಯುವವರೆಗೂ ಹಚ್ಚಿದರು.

ಇದನ್ನು ಕೇಳಿ ‘ನಂಬಿಕೆ ಗೆದ್ದಿತು’ ಅಂತ ಬರೆಯಲು ಹೊರಡಬೇಡಿ, ಸ್ವಲ್ಪ ತಾಳಿ. ನನ್ನ ಅಕ್ಕ ಹುಟ್ಟಿದ್ದು 1961ಕ್ಕೆ ಮುಂಚೆ, ನಾನು ಆಮೇಲೆ. ಅಕ್ಕನನ್ನು ಮಲಗಿಸುವಾಗ ದೊಡ್ಡಮ್ಮ ಆ ಲಂಗರಿನ ಕತೆ, ಬಾಣದ ಕತೆ ಹೇಳುತ್ತಿದ್ದರಂತೆ. ನನಗೆ ಒಂದು ದಿನವೂ ಹೇಳಲಿಲ್ಲ. ಕೇಳಿದರೆ “ನಿದ್ದೆ ಮಾಡವ್ವ” ಅನ್ನುತ್ತಿದ್ದರು. ಆ ಕತೆ ನನಗೆ ಸಿಕ್ಕಿದ್ದು ಅಕ್ಕನಿಂದ. ಮೇಣದಬತ್ತಿ ಉಳಿಯಿತು, ಕತೆ ಹೋಯಿತು. ಯಾರಿಗೂ ಹೇಳದೆ, ತನ್ನೊಳಗೇ ಅದನ್ನು ಯಾವಾಗ ಕೈಬಿಟ್ಟರೋ ಗೊತ್ತಿಲ್ಲ. ನಿಮ್ಮ ಹದಿನಾಲ್ಕು ಪುಟದಲ್ಲಿ ನಾನು ಹುಡುಕಿದ್ದು ಇಂಥದ್ದೊಂದನ್ನು. ಸಾಕ್ಷ್ಯ ಬಂದಾಗ ಒಬ್ಬ ಮನುಷ್ಯನೊಳಗೆ ಏನು ಉಳಿಯುತ್ತದೆ, ಏನು ಸದ್ದಿಲ್ಲದೆ ಕಳಚಿಕೊಳ್ಳುತ್ತದೆ? ನಿಮ್ಮ ಜನರಲ್ಲಿ ಎಲ್ಲವೂ ಒಂದೇ ಏಟಿಗೆ ಬಿದ್ದುಹೋಗುತ್ತದೆ, ಹಾಗಾಗಿ ನೋಡಲು ಏನೂ ಉಳಿದಿಲ್ಲ.

ಸಂತಳೊಬ್ಬಳ ಮಾತು ಬೇರೆ, ಯೇಸುವಿನ ಮಾತು ಬೇರೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೈಬಲಿನಲ್ಲಿ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ, ಯೇಸುವಿನ ಸಂದೇಶ ಸಾರುತ್ತ ಊರೂರು ತಿರುಗಿದ ಸಂತ ಪೌಲರೇ ಇದನ್ನು ಪಣಕ್ಕಿಟ್ಟಿದ್ದಾರೆ: ಕ್ರಿಸ್ತ ಎದ್ದು ಬರಲಿಲ್ಲವಾದರೆ ನಾವು ಬೋಧಿಸಿದ್ದೂ ದಂಡ, ನೀವು ನಂಬಿದ್ದೂ ದಂಡ ಅಂತ. ಆದ್ದರಿಂದ ‘ನಂಬಿಕೆಗೆ ಸಾಕ್ಷ್ಯವೇ ಬೇಕಿಲ್ಲ’ ಎಂದು ಕೆಲವು ಕ್ರೈಸ್ತರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಪೌಲರು ಆ ಬಾಗಿಲನ್ನು ಮುಚ್ಚಿಲ್ಲ, ಮುಚ್ಚುವ ಹಕ್ಕು ನಮಗೂ ಇಲ್ಲ. ನಿಮ್ಮ ಕತೆಯ ಮೂಳೆ ನಿಜವೇ ಆಗಿಬಿಟ್ಟರೆ ನನ್ನ ಗತಿ ಏನು ಎಂದು ಯೋಚಿಸಿದೆ. ಭಾನುವಾರ ಪೂಜೆಗೆ ಹೋಗುವುದನ್ನು ಬಿಡಲಾರೆ ಅನ್ನಿಸುತ್ತದೆ. ಕಾಲು ತಾನಾಗಿ ಅತ್ತ ನಡೆದೀತು. ಆದರೆ ನಾವು ನಂಬುವುದನ್ನೆಲ್ಲ ಸಾಲುಸಾಲಾಗಿ ಒಟ್ಟಿಗೆ ಹೇಳುವ ವಿಶ್ವಾಸಪ್ರಮಾಣದಲ್ಲಿ, ಯೇಸು ‘ಮೂರನೆಯ ದಿನ’ ಎದ್ದುಬಂದರು ಅನ್ನುವಲ್ಲಿಗೆ ಬಂದರೆ ನನ್ನ ಬಾಯಿ ನಿಂತುಹೋಗುತ್ತದೆ. ಅಕ್ಕಪಕ್ಕದವರೆಲ್ಲ ಹೇಳುತ್ತಿರುತ್ತಾರೆ. ನಾನು ಆ ಒಂದು ಸಾಲು ಸುಮ್ಮನಿದ್ದು, ಮುಂದಿನ ಸಾಲಿಗೆ ಮತ್ತೆ ಸೇರಿಕೊಳ್ಳುತ್ತೇನೆ. ಪಕ್ಕದಲ್ಲಿ ನಿಂತ ಮಗಳು ಅದನ್ನು ಗಮನಿಸುತ್ತಾಳೆ. ಇದನ್ನು ಬರೆಯುವಾಗ ನನಗೆ ಗಂಟಲು ಕಟ್ಟಿತು. ನಿಮ್ಮ ಕತೆ ಓದುವಾಗ ಆಗಬೇಕಿದ್ದದ್ದು ಇದು.

ಫಾದರ್ ಪಾತ್ರದ ಬಗ್ಗೆ. ಟಿವಿ ನೋಡಿ ಬೆಚ್ಚಿಬೀಳುವ ಪಾದ್ರಿಯನ್ನು ನಾನು ನಂಬಲಾರೆ. ಪಾದ್ರಿಗಳನ್ನು ತಯಾರು ಮಾಡುವ ಬೆಂಗಳೂರಿನ ಮಲ್ಲೇಶ್ವರದ ಸೆಮಿನರಿಯಲ್ಲಿ ವರ್ಷಗಟ್ಟಲೆ ಓದಿ ಬಂದವರು ಅವರು. ಯೇಸುವಿನ ಬದುಕನ್ನು ಹೇಳುವ ಮಾರ್ಕನ ಶುಭಸಂದೇಶದ ಕೊನೆಯ ಹನ್ನೆರಡು ವಾಕ್ಯಗಳು ನಾಲ್ಕನೇ ಶತಮಾನದ ಎರಡು ಹಳೆಯ ಹಸ್ತಪ್ರತಿಗಳಾದ ಸಿನಾಯ್ಟಿಕಸ್, ವ್ಯಾಟಿಕಾನಸ್‌ಗಳಲ್ಲಿ ಇಲ್ಲ ಎಂಬುದು ಬೈಬಲ್ ಅಭ್ಯಾಸ ಮಾಡಿದವರಿಗೆಲ್ಲ ಗೊತ್ತು. ಎದ್ದುಬಂದ ಯೇಸು ಜನರಿಗೆ ಕಾಣಿಸಿಕೊಳ್ಳುವ ಭಾಗವೇ ಅದು. ಹಳೆಯ ಪ್ರತಿಗಳಲ್ಲಿ ಆ ಶುಭಸಂದೇಶ ನಿಲ್ಲುವುದು ಖಾಲಿ ಸಮಾಧಿಯಿಂದ ಹೆಂಗಸರು ಓಡಿಹೋಗುವಲ್ಲಿಗೆ. ಅವರು ಯಾರಿಗೂ ಏನೂ ಹೇಳಲಿಲ್ಲ, ಹೆದರಿದ್ದರು, ಅಷ್ಟಕ್ಕೇ. ನಿಮ್ಮ ಫಾದರ್ ಇದನ್ನು ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ಅಡಿಟಿಪ್ಪಣಿಯಲ್ಲಿ ಓದಿರುತ್ತಾರೆ. ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಏನು ಮಾಡಿದರು? ಮೂವತ್ತು ವರ್ಷ ಈಸ್ಟರ್ ಜಾಗರಣೆಯಲ್ಲಿ ಯಾವ ದನಿಯಲ್ಲಿ ಓದಿದರು? ಸುದ್ದಿ ಅವರಿಗೆ ಹೊಸದಲ್ಲ ಅಂತಾದರೆ ಎರಡೂವರೆ ಪುಟದ ಭಾಷಣ ತಾನೇ ಬಿದ್ದುಹೋಗುತ್ತದೆ. ಆ ಭಾಷಣದಲ್ಲಿ ಮಾತಾಡುತ್ತಿರುವುದು ನೀವು. ‘ಹೇ ಪರಮಪಿತನೇ, ಇದೆಂಥ ವಂಚನೆ’ ಎಂದು ಮೈಸೂರಿನ ಯಾವ ಪಾದ್ರಿಯೂ ಖಾಲಿ ಬೆಂಚಿಗೆ ಹೇಳುವುದಿಲ್ಲ.

ಶಿಲುಬೆ ಎಸೆಯುವುದನ್ನು ತೆಗೆಯಿರಿ. ಸಂಗಮಕ್ಕೆ ಹೋಗುವ ದಾರಿಯಲ್ಲೇ ಗಂಜಾಂ ಸಿಗುತ್ತದೆ. ಟಿಪ್ಪು ಮಡಿದ ಮೇಲೆ ಈ ಸೀಮೆಯ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾ ಓಡಾಡಿದ ಜಾಗ. ಇಲ್ಲಿನವರ ಉಡುಪು, ಇಲ್ಲಿನವರ ಊಟದಲ್ಲೇ ಮೂರು ದಶಕ ಕಳೆದರು. ಕೊನೆಗೆ 1823ರಲ್ಲಿ ವಾಪಸ್ ಹೋದರು, ಈ ನೆಲದಲ್ಲಿ ತಮ್ಮ ಧರ್ಮ ಹರಡುವ ದಾರಿ ಕಾಣುತ್ತಿಲ್ಲ ಎಂದು ಬಹಿರಂಗವಾಗಿ ಬರೆದರು. ಅಷ್ಟು ವರ್ಷಗಳ ಶ್ರಮ ವ್ಯರ್ಥವಾಯಿತೆಂದು ಒಪ್ಪಿಕೊಂಡವರು, 1848ರಲ್ಲಿ ತೀರಿಕೊಳ್ಳುವಾಗಲೂ ಪಾದ್ರಿಯೇ. ಅವರ ಮಾತಿಗೆ ಪ್ರಾಟೆಸ್ಟಂಟ್ ಪಾದ್ರಿಗಳು ಸಿಟ್ಟಾದರು. ಶಿಲುಬೆಯನ್ನು ನದಿಗೆ ಎಸೆಯುವವನಿಗಿಂತ ಇಂಥವರು ನನ್ನನ್ನು ಹೆಚ್ಚು ಕಾಡುತ್ತಾರೆ.

ಈಗ ಒಂಬತ್ತನೇ ಪುಟ. ಚರ್ಚಿನ ಕಸ ಗುಡಿಸುವ ಹೆಂಗಸು ಮೇಣದಬತ್ತಿಯ ಕಬ್ಬಿಣದ ಸ್ಟ್ಯಾಂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹಳೇ ಚಾಕುವಿನಿಂದ ಮೇಣ ಕೆರೆಯುತ್ತಿದ್ದಾಳೆ. ‘ಬಿಸಿ ಇದ್ದಲ್ಲಿ ಎಳೆ ಎಳೆಯಾಗಿ ಬಂತು, ಆರಿದ್ದಲ್ಲಿ ಚಕ್ಕೆ ಎದ್ದಿತು’ ಎಂದು ಬರೆದಿದ್ದೀರಿ. ಇದನ್ನು ನೀವು ಕಣ್ಣಾರೆ ನೋಡಿದ್ದೀರಿ. ಜನ ಎದ್ದು ಹೋಗುವುದನ್ನು ಅವಳೂ ನೋಡುತ್ತಾಳೆ. ಫಾದರ್ ಹೊರಗೆ ಹೊರಟಾಗ ಕೆರೆಯುವುದನ್ನು ನಿಲ್ಲಿಸದೆ ಕೇಳುತ್ತಾಳೆ: “ನಾಳೀಕೆ ಎಷ್ಟೊತ್ಗೆ ಬೀಗ ತೆಗೀಲಿ ಸ್ವಾಮಿ?” ಅವರು ಉತ್ತರ ಕೊಡದೆ ಹೋಗುತ್ತಾರೆ. ನೀವೂ ಅವರ ಹಿಂದೆಯೇ ಬಸ್ಸು ಹತ್ತಿಬಿಟ್ಟಿರಿ. ಅಲ್ಲೇ ನಿಲ್ಲಬೇಕಿತ್ತು.

ನಾಳೆ ಅಂದರೆ ಪವಿತ್ರ ಶನಿವಾರ. ಯೇಸುವಿನ ಶಿಷ್ಯರಿಗೆ ಆ ದಿನ ಇದ್ದ ಸಾಕ್ಷ್ಯವೆಲ್ಲ ವಿರುದ್ಧವೇ: ಶವ ಇಳಿಸಿದ್ದನ್ನು ಜನ ನೋಡಿದ್ದರು, ಕಲ್ಲು ಮುಚ್ಚಿಯಾಗಿತ್ತು. ಆ ಹೆಂಗಸು ಶನಿವಾರ ಬೆಳಿಗ್ಗೆ ಎಷ್ಟು ಹೊತ್ತಿಗೆ ಎದ್ದಳು? ಬೀಗ ತೆಗೆದಳೇ? ಒಳಗೆ ಬಂದು ಯಾವ ಕೆಲಸವನ್ನು ಎಂದಿನಂತೆ ಮಾಡಿದಳು, ಯಾವುದನ್ನು ಮಾಡದೆ ಬಿಟ್ಟಳು? ಅವಳಿಗೆ ಮನೆಯಲ್ಲಿ ಯಾರಿದ್ದಾರೆ, ಈ ಸುದ್ದಿಯನ್ನು ಅವರ ಜೊತೆ ಮಾತಾಡಿದಳೇ? ಉತ್ತರ ನನಗೆ ಗೊತ್ತಿಲ್ಲ, ನಿಮಗೂ ಇನ್ನೂ ಗೊತ್ತಿಲ್ಲ ಅನ್ನಿಸುತ್ತದೆ. ಗೊತ್ತಾಗುವವರೆಗೆ ಬರೆಯಿರಿ. ವಿಜ್ಞಾನಿ, ಟಿವಿ, ಜೆರುಸಲೇಮು ಯಾವುದೂ ಕತೆಯೊಳಗೆ ಬರಬೇಕಿಲ್ಲ. ಸುದ್ದಿ ಅವಳ ಕಿವಿಗೆ ಎಷ್ಟು ಬಿದ್ದಿತೋ ಅಷ್ಟು ಸಾಕು. ಆರು ಪುಟ ಮೀರದಿದ್ದರೆ ಒಳ್ಳೆಯದು.

ಅವಸರ ಬೇಡ. ಬರುವ ತಪಸ್ಸುಕಾಲದ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ, ಹೊತ್ತಿಗೆ ಕಳಿಸಿದರೂ ನಾನೇ ಓದುತ್ತೇನೆ. ಹದಿಮೂರು ಪುಟಗಳನ್ನು ಪೆನ್ಸಿಲ್ ಗುರುತು ಹಾಕಿ ಈ ಕಾಗದದ ಜೊತೆ ವಾಪಸ್ ಇಟ್ಟಿದ್ದೇನೆ. ಒಂಬತ್ತನೇ ಪುಟ ನನ್ನ ಮೇಜಿನ ಮೇಲಿದೆ, ಅದನ್ನು ಕಳಿಸುತ್ತಿಲ್ಲ.