ಮಗ ಸರಿಯಾಗಿ ನಡೆಯುವ ತನಕ ಕಾಕ್ಲಿಯರ್ ಇಂಪ್ಲಾಂಟ್ ಮುಂದೂಡಬೇಕಾ?

ಬೇಡ. ಕಿವಿ ಕೇಳದ 20 ತಿಂಗಳ ಮಗ ಇನ್ನೂ ನಡೆದಿಲ್ಲ, ಒಳಕಿವಿಗೆ ಕೇಳಿಸುವ ಮೆಷಿನ್ ಕೂರಿಸುವ ಈ ಆಪರೇಷನ್ ಆದರೆ ಇರುವ ಬ್ಯಾಲೆನ್ಸೂ ಹೋಗುತ್ತದೆ ಅಂತ ನಿಮ್ಮನ್ನು ಯಾರೋ ಹೆದರಿಸಿದ್ದಾರೆ. ನಾನೂ ಹಾಗೇ ಹೆದರಿದವನೇ. ಆದರೆ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ. ಆಪರೇಷನ್‌ನಿಂದ ಬ್ಯಾಲೆನ್ಸ್ ಹೋಗುತ್ತಾ ಅನ್ನುವುದು ಆಮೇಲೆ. ಈಗ ಅದು ಇದೆಯಾ ಅಂತ ಮೊದಲು ನೋಡಿಸಿ.

ನನ್ನ ಮಗಳಿಗೆ ಕತ್ತು ನಿಂತದ್ದೇ ಏಳನೇ ತಿಂಗಳಿಗೆ. ಕೂತದ್ದು ಹನ್ನೊಂದಕ್ಕೆ. ನಡೆದು ಹೊಸ್ತಿಲು ದಾಟುವ ಹೊತ್ತಿಗೆ 23 ತಿಂಗಳು ತುಂಬಿತ್ತು. ಅಮ್ಮ ಪಾಯಸ ಮಾಡಿ, "ಗುಂಡು ಮಗು, ಮೈಭಾರ, ಅದಕ್ಕೇ ತಡ" ಅಂದರು. ಕಿವಿ ಕೇಳುವುದಿಲ್ಲ ಅಂತ ಸದ್ದಿಗೆ ಕಿವಿಯ ನರ ಸ್ಪಂದಿಸುತ್ತಾ ಅಂತ ನೋಡುವ ಬೇರಾ ಟೆಸ್ಟಿನಲ್ಲಿ ಆಗಲೇ ಗೊತ್ತಾಗಿತ್ತು. ಇನ್ನೊಂದು ಸಂಕಟ ಹುಡುಕಿಕೊಂಡು ಹೋಗುವ ಮನಸ್ಸು ಯಾರಿಗಿರುತ್ತದೆ ಹೇಳಿ?

ಆಪರೇಷನ್‌ಗೆ ಮುಂಚೆ ಆಸ್ಪತ್ರೆಯಲ್ಲಿ ಒಂದು ಫಾರಂ ತುಂಬುತ್ತಿದ್ದರು. ಕತ್ತು ಯಾವಾಗ ನಿಂತಿತು, ಯಾವಾಗ ಕೂತಳು, ಯಾವಾಗ ನಡೆದಳು ಅಂತ ಕೇಳಿದರು. ನನ್ನ ಹೆಂಡತಿ ಬಾಯಿ ತೆರೆದಳು. ನಾನು ಮೇಜಿನ ಕೆಳಗೆ ಅವಳ ಕೈ ಅದುಮಿ, "ಎಲ್ಲಾ ನಾರ್ಮಲ್ ಮೇಡಂ" ಅಂದೆ.

ಯಾಕೆ ಅಂದೆ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಸರ್ಕಾರದ ಸ್ಕೀಮಿನಲ್ಲಿ ಮಗಳ ಹೆಸರು ಬಂದಿತ್ತು. ಇನ್ನೇನೋ ತೊಂದರೆ ಇದೆ ಅಂದರೆ, ಮೊದಲು ನರದ ಡಾಕ್ಟರ ಹತ್ತಿರ ಹೋಗಿ ಬನ್ನಿ ಅಂತ ಕಳಿಸಿಬಿಡುತ್ತಾರೆ, ಅಷ್ಟರಲ್ಲಿ ಸರದಿ ತಪ್ಪುತ್ತದೆ ಅಂತ ಲೆಕ್ಕ ಹಾಕಿದೆ. ನಾರ್ಮಲ್ ಅಂದದ್ದು ಸುಳ್ಳು ಅಂತಲೂ ನನಗೆ ಅನ್ನಿಸಲಿಲ್ಲ. ತಡವಾಗಿಯಾದರೂ ನಡೆದಳಲ್ಲ, ಹಾಗಾದರೆ ನಾರ್ಮಲ್ಲೇ ಅಲ್ವಾ? ಅರಿವಳಿಕೆ ಡಾಕ್ಟರು ಮತ್ತೆ ಕೇಳಿದಾಗಲೂ ಅದನ್ನೇ ಒಪ್ಪಿಸಿದೆ. ಆ ಒಂದು ಮಾತಿನಿಂದ ಆಗಬೇಕಿದ್ದ ಬ್ಯಾಲೆನ್ಸ್ ಟೆಸ್ಟ್ ಆಗಲಿಲ್ಲ.

ನನಗೆ ಆಗ ಗೊತ್ತಿರಲಿಲ್ಲ. ಒಳಕಿವಿಯಲ್ಲಿ ಎರಡು ಕೆಲಸ ನಡೆಯುತ್ತವೆ. ಬಸವನಹುಳುವಿನ ಚಿಪ್ಪಿನಂಥ ಭಾಗ ಕೇಳಿಸಿಕೊಳ್ಳುತ್ತದೆ. ಅದಕ್ಕೆ ಅಂಟಿಕೊಂಡೇ ಇರುವ ಮೂರು ಅರ್ಧವರ್ತುಲದ ನಾಳಗಳು ಮತ್ತು ಎರಡು ಪುಟ್ಟ ಚೀಲಗಳು ತಲೆ ಎತ್ತ ತಿರುಗಿತು, ಮೈ ಎತ್ತ ವಾಲಿತು ಅಂತ ಮೆದುಳಿಗೆ ಹೇಳುತ್ತವೆ. ಎರಡಕ್ಕೂ ಒಳಗಿರುವ ದ್ರವ ಒಂದೇ. ಹಾಗಾಗಿ ಕೇಳುವ ಭಾಗ ಕೆಟ್ಟಿದ್ದರೆ ಪಕ್ಕದ್ದೂ ಕೆಟ್ಟಿರಬಹುದು. ಪೂರ್ತಿ ಕಿವುಡಿರುವ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳಿಗೆ ಬ್ಯಾಲೆನ್ಸಿನಲ್ಲೂ ಒಂದಿಷ್ಟು ಕೊರತೆ ಇರುತ್ತದೆ. ಮೆದುಳುಜ್ವರ (ಮೆನಿಂಜೈಟಿಸ್) ಬಂದು ಕಿವಿ ಹೋದ ಮಕ್ಕಳಲ್ಲಿ ಇನ್ನೂ ಜಾಸ್ತಿ. ಆಪರೇಷನ್‌ನಿಂದಲೂ ಸ್ವಲ್ಪ ಪೆಟ್ಟು ಬೀಳಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಅದಕ್ಕೇ ಮೊದಲೇ ನೋಡಬೇಕು. ಒಂದು ಕಿವಿಯ ಬ್ಯಾಲೆನ್ಸ್ ಮಾತ್ರ ಚೆನ್ನಾಗಿದ್ದರೆ, ಯಾವ ಕಿವಿಗೆ ಮೊದಲು ಕೈ ಹಾಕಬೇಕು ಅನ್ನುವ ತೀರ್ಮಾನವೇ ಬದಲಾಗಬಹುದು.

ಆಪರೇಷನ್ ಆಯಿತು, ಬಲಗಿವಿಗೆ. ಸ್ವಿಚ್ ಆನ್ ಆಯಿತು. ಮಗಳು ದಿನಕ್ಕೆ ಹತ್ತು ಸಲ ಬೀಳತೊಡಗಿದಳು. ಮೊದಲೂ ಬೀಳುತ್ತಿದ್ದಳು, ನಾವು ಎಣಿಸಿರಲಿಲ್ಲ ಅಷ್ಟೇ. ಮೆಷಿನ್ ತಲೆ ಸುತ್ತಿಸುತ್ತಿದೆ ಅಂತ ನಾನೇ ನಿರ್ಧಾರ ಮಾಡಿದೆ. ಕಿವಿಯ ಹೊರಗೆ ಹಾಕುವ ಪ್ರೊಸೆಸರ್ ತೆಗೆದು ಡಬ್ಬಿಯಲ್ಲಿಟ್ಟು ಬೀರುವಿನಲ್ಲಿ ಇಟ್ಟೆ. ನಾಲ್ಕು ತಿಂಗಳು! ಮೆಷಿನ್ನಿನ ಸದ್ದು ಹೊಂದಿಸುವ ಮ್ಯಾಪಿಂಗ್‌ಗೆ ಹೋಗುವ ದಿನ ಮಾತ್ರ ಹಾಕಿಕೊಂಡು ಹೋಗುತ್ತಿದ್ದೆವು. ದಿನಕ್ಕೆ ಎಷ್ಟು ಹೊತ್ತು ಹಾಕಿದ್ದೀರಿ ಅಂತ ಆ ಮೆಷಿನ್ನೇ ಲೆಕ್ಕ ಇಡುತ್ತದೆ ಅನ್ನುವುದು ನಮಗೆ ಗೊತ್ತಿರಲಿಲ್ಲ.

ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟ್ ಕಂಪ್ಯೂಟರ್ ನೋಡಿ, "ಏನ್ ಸಾರ್, ದಿನಕ್ಕೆ ಅರ್ಧ ಗಂಟೆನೂ ಇಲ್ವಲ್ಲ?" ಅಂದರು. ಆಗ ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. ಮೂರು ಪ್ರಶ್ನೆ ಕೇಳಿದರು. ರಾತ್ರಿ ಕರೆಂಟ್ ಹೋದರೆ ಮಗು ಏನು ಮಾಡುತ್ತೆ? ತಲೆಗೆ ನೀರು ಹಾಕುವಾಗ ಕಣ್ಣು ಮುಚ್ಚಿಸಿದರೆ? ಘಾಟಿಯಲ್ಲಿ ಬಸ್ಸು ತಿರುಗಿದರೆ ವಾಂತಿ ಆಗುತ್ತಾ?

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕರೆಂಟ್ ಹೋದರೆ ನಿಂತಲ್ಲೇ ದೊಪ್ಪನೆ ಕೂತುಬಿಡುತ್ತಿದ್ದಳು. ಕತ್ತಲ ಭಯ ಅಂದುಕೊಂಡಿದ್ದೆವು. ಸೀಗೆಪುಡಿ ಹಚ್ಚುವಾಗ ಕಣ್ಣು ಮುಚ್ಚಿದರೆ ಅಮ್ಮನ ಸೀರೆ ಬಿಡುತ್ತಿರಲಿಲ್ಲ. ಇನ್ನು ಆಗುಂಬೆ ಘಾಟಿ! ಆ 14 ತಿರುವುಗಳಲ್ಲಿ ಮನೆಮಂದಿಯೆಲ್ಲ ಕವರ್ ಹಿಡಿದು ಕೂತಿದ್ದರೆ ಇವಳೊಬ್ಬಳು ನಗುತ್ತಾ ಚಕ್ಕುಲಿ ತಿನ್ನುತ್ತಿದ್ದಳು. ಗಟ್ಟಿ ಹೊಟ್ಟೆ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದೆ. ತಲೆ ತಿರುಗಬೇಕಾದರೂ ಆ ನಾಳಗಳು ಕೆಲಸ ಮಾಡಬೇಕಲ್ಲ! ಅವಳು ಬರೀ ಕಣ್ಣಿನ ಮೇಲೆ ಮತ್ತು ಪಾದದ ಮೇಲೆ ನಂಬಿಕೆ ಇಟ್ಟು ನಿಂತಿದ್ದಳು.

ಆಮೇಲೆ ಟೆಸ್ಟ್ ಆಯಿತು. ತಲೆಯನ್ನು ಚಕ್ಕನೆ ತಿರುಗಿಸಿ ಕಣ್ಣು ಎತ್ತ ಹೋಗುತ್ತದೆ ಅಂತ ನೋಡುವುದು ಒಂದು. ಕತ್ತಿಗೆ ವೈರ್ ಅಂಟಿಸಿ, ಕಿವಿಯಲ್ಲಿ ಟಕ್ ಟಕ್ ಸದ್ದು ಬಿಟ್ಟು ಸ್ನಾಯು ಮಿಡಿಯುತ್ತಾ ಅಂತ ನೋಡುವುದು ಇನ್ನೊಂದು. ನೋವಿಲ್ಲ. ಎರಡೂ ಕಿವಿಯಲ್ಲಿ ಬ್ಯಾಲೆನ್ಸ್ ಖಾಲಿ. ಚಾಕುವೇ ತಾಗದ ಎಡಗಿವಿಯೂ ಖಾಲಿ! ಅಂದರೆ ಅದು ಹಳೇ ತೊಂದರೆ. ಬಲಗಿವಿಯಲ್ಲಿ ಮೊದಲು ಏನಾದರೂ ಉಳಿದಿತ್ತಾ? ಯಾರಿಗೂ ಗೊತ್ತಿಲ್ಲ, ಯಾಕಂದರೆ "ಎಲ್ಲಾ ನಾರ್ಮಲ್ ಮೇಡಂ".

ಹಾಗಾಗಿ ನಿಮಗೆ ನೇರವಾಗಿ ಹೇಳುತ್ತೇನೆ. ನಡಿಗೆ ತಡವಾದರೂ ಬರುತ್ತದೆ. ಮಾತು ಕಲಿಯುವ ವಯಸ್ಸು ಕಾಯುವುದಿಲ್ಲ. ಟೆಸ್ಟ್ ಮಾಡಿಸಿ, ಆದರೆ ಅದಕ್ಕೋಸ್ಕರ ಆಪರೇಷನ್ ತಿಂಗಳುಗಟ್ಟಲೆ ತಳ್ಳಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ. ಚಕ್ರದ ವಾಕರ್ ಕೊಡಬೇಡಿ, ದುಡ್ಡು ದಂಡ. ಫಿಸಿಯೋಥೆರಪಿ ಕೊಡಿಸಿ. ನಾವು ಹಾಸಿಗೆ ಮೇಲೆ ನಡೆಸಿದೆವು, ಮರಳಿನ ಮೇಲೆ ನಡೆಸಿದೆವು, ಕುಂಟೆಬಿಲ್ಲೆ ಆಡಿಸಿದೆವು. ಮೆದುಳು ನಿಧಾನಕ್ಕೆ ಬೇರೆ ದಾರಿ ಕಂಡುಕೊಳ್ಳುತ್ತದೆ. ನಿಮ್ಮದು ನಮ್ಮ ಹಾಗೆ ಸಂಬಂಧದೊಳಗಿನ ಮದುವೆಯಾದರೆ ಮಗುವಿನ ಕಣ್ಣಿನ ಪರದೆಯನ್ನೂ ತೋರಿಸಿ. ಕಿವುಡು, ತಡವಾದ ನಡಿಗೆ, ಮುಂದೆ ಇರುಳುಗುರುಡು, ಇವು ಮೂರೂ ಒಟ್ಟಿಗೆ ಬರುವ ಅಷರ್ ಅನ್ನುವ ವಂಶಪಾರಂಪರ್ಯದ ಕಾಯಿಲೆ ಇದೆ. ನಮ್ಮ ಮಗಳಿಗೆ ಇಲ್ಲಿಯವರೆಗೆ ಕಣ್ಣು ಚೆನ್ನಾಗಿದೆ.

ಅವಳಿಗೆ ಈಗ ಎಂಟು. ಮಾತಿಗೇನೂ ಕಮ್ಮಿಯಿಲ್ಲ, ಆದರೂ ಥೆರಪಿ ಮೇಡಂ ಆ ನಾಲ್ಕು ತಿಂಗಳನ್ನು ಇನ್ನೂ ನೆನಪಿಸುತ್ತಾರೆ. ಸೈಕಲ್ಲಿಗೆ ಪಕ್ಕದ ಪುಟಾಣಿ ಚಕ್ರ ಇನ್ನೂ ಬಿಚ್ಚಿಲ್ಲ. ಬಚ್ಚಲುಮನೆ ಲೈಟು ರಾತ್ರಿಯಿಡೀ ಉರಿಯುತ್ತದೆ. ಅಜ್ಜಿ ಮನೆಯ ಕೆರೆಗೆ ಮಾತ್ರ ಒಬ್ಬಳನ್ನೇ ಬಿಡುವುದಿಲ್ಲ. ನೀರೊಳಗೆ ಕಣ್ಣು ಮುಚ್ಚಿದರೆ ಮೇಲೆ ಯಾವುದು, ಕೆಳಗೆ ಯಾವುದು ಅಂತ ಇಂಥ ಮಕ್ಕಳಿಗೆ ತಿಳಿಯುವುದಿಲ್ಲ. ಮುಂದಿನ ಸಲ ಫಾರಂ ತುಂಬಲು ಹೋಗುವಾಗ ಕತ್ತು ನಿಂತ ತಿಂಗಳು, ಕೂತ ತಿಂಗಳು ಎಲ್ಲಾ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಿಮ್ಮ ಮನೆಯವರ ಕೈಗೇ ಕೊಡಿ, ಅವರೇ ಹೇಳಲಿ.