ಶ್ರೀಮಂತ ದೇಶದ ಸಬ್ಸಿಡಿ, ಬಡ ದೇಶದ ರೈತ

ಶ್ರೀಮಂತ ದೇಶ ತನ್ನ ರೈತನಿಗೆ ನೆರವು ಕೊಟ್ಟರೆ ಎಲ್ಲೋ ಇರುವ ಬಡ ರೈತನಿಗೆ ನಷ್ಟವಾಗುವುದು ಹೇಗೆ ಎಂದು ಕೇಳಿದ್ದೀರಿ. ಹತ್ತಿಯನ್ನೇ ನೋಡಿ. ಅಮೆರಿಕದ ಬೆಳೆಗಾರನಿಗೆ ಬೆಲೆ ಬಿದ್ದರೂ ಸರ್ಕಾರದ ಹಣ ಬರುತ್ತದೆ. ಆದ್ದರಿಂದ ಆತ ಬಿತ್ತನೆ ಕಡಿಮೆ ಮಾಡುವುದಿಲ್ಲ. ಆ ಹತ್ತಿ ಜಗತ್ತಿನ ಮಾರುಕಟ್ಟೆಗೆ ಬಂದು ಬೆಲೆಯನ್ನು ಇನ್ನಷ್ಟು ಕುಗ್ಗಿಸುತ್ತದೆ. ಆಫ್ರಿಕಾದ ಮಾಲಿ ದೇಶದ ಸಣ್ಣ ರೈತನಿಗೆ ಸಿಗುವುದು ಆ ಕುಗ್ಗಿದ ಬೆಲೆ ಮಾತ್ರ.

ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ 2003ರಲ್ಲೇ ಇದನ್ನು ವಿಶ್ವ ವ್ಯಾಪಾರ ಸಂಸ್ಥೆಯ ಮುಂದಿಟ್ಟವು. ಇದೇ ಸಬ್ಸಿಡಿಯ ವಿರುದ್ಧ ವ್ಯಾಜ್ಯ ಹೂಡಿ ಗೆದ್ದದ್ದು ಬ್ರೆಜಿಲ್. 2014ರ ರಾಜಿಯಲ್ಲಿ 30 ಕೋಟಿ ಡಾಲರ್ ಸಿಕ್ಕಿದ್ದೂ ಬ್ರೆಜಿಲ್‌ನ ಹತ್ತಿ ಬೆಳೆಗಾರರ ಸಂಸ್ಥೆಗೇ. ವ್ಯಾಜ್ಯ ನಡೆಸುವ ಶಕ್ತಿಯಿಲ್ಲದ ಆ ನಾಲ್ಕು ದೇಶಗಳ ಪಾಲಿಗೆ ಅದರಲ್ಲಿ ನೇರ ಪರಿಹಾರವೇನೂ ಇರಲಿಲ್ಲ. ನನಗೆ ಇಂದಿಗೂ ನೋವು ತರುವ ಸಂಗತಿ ಇದು.

ವಿಶ್ವ ವ್ಯಾಪಾರ ಸಂಸ್ಥೆಯ ನಿಯಮವೇ ಓರೆಯಾಗಿದೆ. 1986–88ರಲ್ಲಿ ಭಾರಿ ಸಬ್ಸಿಡಿ ಕೊಡುತ್ತಿದ್ದವರಿಗೆ ಅದರ ಬಹುಭಾಗವನ್ನು ಉಳಿಸಿಕೊಳ್ಳುವ ಹಕ್ಕು ಸಿಕ್ಕಿತು. ಆಗ ಕೊಡಲು ಕೈಯಲ್ಲಿ ಕಾಸಿಲ್ಲದ ಅಭಿವೃದ್ಧಿಶೀಲ ದೇಶಗಳಲ್ಲಿ ಹೆಚ್ಚಿನವಕ್ಕೆ, ಇಂಥ ಸಬ್ಸಿಡಿಗೆ ಬೆಳೆಯ ಮೌಲ್ಯದ ಶೇ. 10ರ ಮಿತಿ.