ಕೈಪಿಡಿಗೆ ಬರೆದುಕೊಟ್ಟ ಭಾಗದ ಹಕ್ಕುಸ್ವಾಮ್ಯವನ್ನು ಬಿಟ್ಟುಕೊಡಲು ಒಂದು ಸಾಲು ಸಾಕೇ?

ಹಲವರು ಕೂಡಿ ಬರೆಯುತ್ತಿರುವ ತಂತ್ರಾಂಶದ ಕೈಪಿಡಿಗೆ ತಾವು ಸೇರಿಸುವ ಭಾಗಗಳ ಮೇಲೆ ಯಾವ ಹಕ್ಕನ್ನೂ ಉಳಿಸಿಕೊಳ್ಳುವ ಇಚ್ಛೆ ತಮಗಿಲ್ಲವೆಂದೂ, ಅದಕ್ಕಾಗಿ ತಮ್ಮ ಸದಸ್ಯಪುಟದಲ್ಲಿ ‘ನಾನು ಬರೆದದ್ದೆಲ್ಲ ಸಾರ್ವಜನಿಕ ಸ್ವತ್ತು’ (ಅಂದರೆ ಯಾರ ಹಕ್ಕುಸ್ವಾಮ್ಯವೂ ಇಲ್ಲದೆ ಎಲ್ಲರೂ ಬಳಸಬಹುದಾದದ್ದು) ಎಂಬ ಸಾಲು ಹಾಕಿದರೆ ಸಾಕೇ ಎಂದೂ ಕೇಳಿದ್ದೀರಿ. ನಾನು ವಕೀಲನಲ್ಲ, ಇಂತಹ ಕೈಪಿಡಿಗಳನ್ನು ಬರೆದು ತಿದ್ದುವುದು ನನ್ನ ಕೆಲಸ. ನನಗೆ ತಿಳಿದ ಮಟ್ಟಿಗೆ, ಆ ಸಾಲಿನಿಂದ ತಮ್ಮ ಸದುದ್ದೇಶ ತಿಳಿಯುತ್ತದೆಯೇ ಹೊರತು ನಕಲು ಮಾಡಿಕೊಳ್ಳುವವರಿಗೆ ಧೈರ್ಯ ಬರುವುದಿಲ್ಲ. ಅದರ ಬದಲು, ಮುಕ್ತ ಪರವಾನಗಿಗಳನ್ನು ರೂಪಿಸುವ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಸಿಸಿ ಝೀರೋ ಎಂಬ ಸಿದ್ಧ ಹಕ್ಕುತ್ಯಾಗದ ಘೋಷಣೆಯನ್ನು ಬಳಸಿ.

ಹಕ್ಕುಸ್ವಾಮ್ಯ ಕುರಿತ 1886ರ ಅಂತಾರಾಷ್ಟ್ರೀಯ ಬರ್ನ್ ಒಪ್ಪಂದದಿಂದ ಬೆಳೆದು ಬಂದ ವ್ಯವಸ್ಥೆಯಲ್ಲಿ ಹಕ್ಕುಸ್ವಾಮ್ಯ ಕೇಳಿ ಪಡೆಯುವಂಥದ್ದಲ್ಲ, ಬರೆದೊಡನೆ ತಾನಾಗಿಯೇ ಬರುತ್ತದೆ. ಅದನ್ನು ಕಳಚಿಕೊಳ್ಳುವ ದಾರಿ ಮಾತ್ರ ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಜರ್ಮನಿಯಲ್ಲಿ ಬದುಕಿರುವ ಲೇಖಕ ತನ್ನ ಮೂಲ ಹಕ್ಕನ್ನು ಮತ್ತೊಬ್ಬರಿಗೆ ವರ್ಗಾಯಿಸುವಂತೆಯೇ ಇಲ್ಲ. ಭಾರತದ 1957ರ ಕಾಯ್ದೆಯ 21ನೇ ಕಲಮು ಹಕ್ಕನ್ನು ತ್ಯಜಿಸಲು ಅವಕಾಶ ಕೊಡುತ್ತದೆ. ಮೊದಲು ಹಕ್ಕುಸ್ವಾಮ್ಯ ರಿಜಿಸ್ಟ್ರಾರರಿಗೆ ನಿಗದಿತ ನಮೂನೆಯಲ್ಲಿ ತಿಳಿಸಬೇಕಿತ್ತು, 2012ರ ತಿದ್ದುಪಡಿಯ ನಂತರ ಸಾರ್ವಜನಿಕ ಪ್ರಕಟಣೆಯ ಮೂಲಕವೂ ತ್ಯಜಿಸಬಹುದು. ಹೀಗಿರುವಾಗ ತಮ್ಮ ಒಂಟಿ ಸಾಲಿಗೆ ಎಲ್ಲಿ ಎಷ್ಟು ಬೆಲೆ ಎಂಬುದನ್ನು ಓದುಗ ಹೇಗೆ ತಾನೇ ಅಳೆಯಬೇಕು?

2009ರಲ್ಲಿ ಬಂದ ಸಿಸಿ ಝೀರೋ ಈ ತೊಡಕನ್ನು ಮೂರು ಹಂತಗಳಲ್ಲಿ ಬಿಡಿಸುತ್ತದೆ. ಕಾನೂನು ಒಪ್ಪುವಷ್ಟರ ಮಟ್ಟಿಗೆ ಹಕ್ಕನ್ನು ಪೂರ್ಣವಾಗಿ ತ್ಯಜಿಸುತ್ತದೆ. ತ್ಯಾಗ ಊರ್ಜಿತವಾಗದ ಕಡೆ ಯಾವ ಷರತ್ತೂ ಇಲ್ಲದ, ಹಿಂಪಡೆಯಲಾಗದ ಪರವಾನಗಿಯಾಗಿ ನಿಲ್ಲುತ್ತದೆ. ಅದೂ ಸಲ್ಲದಿದ್ದರೆ, ಉಳಿದ ಹಕ್ಕನ್ನು ಚಲಾಯಿಸುವುದಿಲ್ಲವೆಂಬ ಮಾತು ಕೊಡುತ್ತದೆ. ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್‌ಗಳನ್ನು ಅದು ಬಿಟ್ಟುಕೊಡುವುದಿಲ್ಲ. ಈ ಪೇಟೆಂಟ್ ಕಾರಣದಿಂದಲೇ ಫೆಡೋರಾ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಯೋಜನೆ 2022ರಲ್ಲಿ ಕೋಡ್‌ಗೆ ಸಿಸಿ ಝೀರೋ ಬೇಡವೆಂದಿತು. ಆದರೆ ವಿವರಣೆಯ ಬರಹಕ್ಕೆ ಆ ಆತಂಕ ಅಷ್ಟಾಗಿ ತಟ್ಟದು.

ವಿಕಿಪೀಡಿಯದಂಥ ವಿಕಿಗಳನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದ ಜಾಲತಾಣ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ಹೆಚ್ಚಿನ ಪುಟಗಳು ಲೇಖಕರ ಉಲ್ಲೇಖ ಮತ್ತು ಅದೇ ಪರವಾನಗಿಯಲ್ಲಿ ಮರುಹಂಚಿಕೆಯನ್ನು ಬೇಡುತ್ತವೆ. ಆದರೆ ‘ಹೆಲ್ಪ್’ ವಿಭಾಗದ ಪುಟಗಳನ್ನು ಮಾತ್ರ, ತಂತ್ರಾಂಶ ಅಳವಡಿಸಿಕೊಂಡ ಯಾರೇ ಆಗಲಿ ತಮ್ಮ ವಿಕಿಗೆ ಹಾಗೆಯೇ ಎತ್ತಿಕೊಳ್ಳಲೆಂದು ಸಿಸಿ ಝೀರೋ ಅಡಿಯಲ್ಲಿ ಇಡಲಾಗಿದೆ. ಆದ್ದರಿಂದ ಅದೇ ತಾಣದ ಮ್ಯಾನುಯಲ್ ಪುಟದಲ್ಲಿ ಇತರರು ಬರೆದ ಒಂದು ಪ್ಯಾರಾವನ್ನು ಹೆಲ್ಪ್ ಪುಟಕ್ಕೆ ಅಂಟಿಸುವಂತಿಲ್ಲ, ಹೊಸದಾಗಿ ಬರೆಯಬೇಕು. ಕಿರಿಕಿರಿಯ ನಿಯಮವೆನಿಸಿದರೂ ಅದು ಸರಿಯಾದದ್ದೇ, ಏಕೆಂದರೆ ತನ್ನದಲ್ಲದ್ದನ್ನು ಯಾರೂ ದಾನ ಮಾಡಲಾಗದು.

ತಾವು ಹೆಚ್ಚು ಎಚ್ಚರ ವಹಿಸಬೇಕಾದದ್ದೂ ಇಲ್ಲಿಯೇ. ಉದ್ಯೋಗದ ಭಾಗವಾಗಿ ಬರೆದಿದ್ದರೆ ಅನೇಕ ದೇಶಗಳಲ್ಲಿ ಮೊದಲ ಒಡೆತನ ಉದ್ಯೋಗದಾತರದು; ಅವರ ಲಿಖಿತ ಒಪ್ಪಿಗೆಯಿಲ್ಲದೆ ತಮ್ಮ ಘೋಷಣೆಗೆ ಅರ್ಥವಿಲ್ಲ. ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ (ಡೇಟಾಬೇಸ್) ತಂತ್ರಾಂಶದ ತಂಡದವರು ತಮ್ಮ ಕೋಡ್ ಮತ್ತು ವಿವರಣೆಗಳೆರಡನ್ನೂ ಸಾರ್ವಜನಿಕ ಸ್ವತ್ತಾಗಿಸಿದ್ದಾರೆ. ಅದಕ್ಕಾಗಿ ಕೋಡ್ ಬರೆಯುವವರಿಂದ ಪ್ರಮಾಣಪತ್ರಗಳಿಗೆ ಸಹಿ ಪಡೆದು, ಮೂಲ ಪ್ರತಿಗಳನ್ನು ಬೆಂಕಿ ತಾಗದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅಪರಿಚಿತರು ಕಳಿಸಿದ ತಿದ್ದುಪಡಿಗಳನ್ನು ಅವರು ಹಾಗೆಯೇ ಸೇರಿಸಿಕೊಳ್ಳುವುದಿಲ್ಲ. ತಮಗೆ ಅಷ್ಟೆಲ್ಲ ಬೇಕಿಲ್ಲ, ನಿಜ. ಆದರೂ ಒಂದು ಸಾಲಿನಿಂದ ಮುಗಿಯುವ ಕೆಲಸ ಇದಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಕೊನೆಯದಾಗಿ, ಕೈಪಿಡಿ ಬೇರೆ ಪರವಾನಗಿಯಲ್ಲಿದ್ದರೆ ತಮ್ಮ ಘೋಷಣೆಯಿಂದ ಇಡೀ ಪುಟ ಮುಕ್ತವಾಗುವುದಿಲ್ಲ, ತಮ್ಮ ಮಾತುಗಳಷ್ಟೇ ಮುಕ್ತವಾಗುತ್ತವೆ. ಇತರರ ವಾಕ್ಯಗಳನ್ನು ತಿದ್ದಿದಲ್ಲಿ ಅವರ ಹಕ್ಕು ಹಾಗೆಯೇ ಇರುತ್ತದೆ. ಹೀಗಾಗಿ ತಾವೇ ಬರೆದ ಹೊಸ ವಿಭಾಗವನ್ನು ಪ್ರತ್ಯೇಕವಾಗಿ ಸೇವ್ ಮಾಡಿ, ‘ಸ್ವಂತ ಬರಹ, ಸಿಸಿ ಝೀರೋ’ ಎಂದು ಸಂಪಾದನೆಯ ಸಾರಾಂಶದಲ್ಲಿ ನಮೂದಿಸಿ. ಮುಂದೆ ಯಾರಿಗಾದರೂ ಆ ಭಾಗವಷ್ಟೇ ಬೇಕಾದರೆ ಪುಟದ ಇತಿಹಾಸದಿಂದ ಹೆಕ್ಕಿಕೊಳ್ಳುತ್ತಾರೆ.